ಬ್ಯಾಂಕಾಕಿನ ಸೋಯಿಗಳು ಮತ್ತು ಬೀದಿಯ ತಿಂಡಿ: ಹೊಸದಾಗಿ ಬಂದ ಕನ್ನಡಿಗರಿಗೆ

ಕೆಲಸದ ಮೇಲೆ ಬ್ಯಾಂಕಾಕಿಗೆ ಬಂದು ಮನೆ ಮಾಡುವ ಕನ್ನಡಿಗರು, ಅದರಲ್ಲೂ ಸಸ್ಯಾಹಾರಿಗಳು, ಮೊದಲ ಕೆಲವು ತಿಂಗಳುಗಳನ್ನು ಸುಖುಮ್‌ವಿತ್ ರಸ್ತೆಯ ಭಾರತೀಯ ಹೋಟೆಲುಗಳು ಮತ್ತು ಸ್ಕೈಟ್ರೇನ್ ನಿಲ್ದಾಣಕ್ಕೆ ಅಂಟಿಕೊಂಡಿರುವ ಮಾಲುಗಳ ನಡುವೆಯೇ ಕಳೆದುಬಿಡುತ್ತಾರೆ. ಗಾಡಿಯ ಮುಂದೆ ನಿಂತರೆ ಹಂದಿಮಾಂಸದ ವಾಸನೆ, ಓದಲಾಗದ ಲಿಪಿ, ಕೇಳಲು ಬಾರದ ಭಾಷೆ, ಹಿಂಜರಿಯುವುದು ಸಹಜ. ಆದರೆ ಈ ನಗರದ ದಿನನಿತ್ಯದ ಬದುಕು ನಡೆಯುವುದು ಆ ಗಾಡಿಗಳ ಸುತ್ತಲೇ, ಸೋಯಿ ಎಂದು ಕರೆಯುವ ಅಡ್ಡರಸ್ತೆಗಳಲ್ಲೇ. ಸಸ್ಯಾಹಾರಿಗಳಿಗೆ ಇಲ್ಲಿನ ಬೀದಿಯಲ್ಲಿ ಏನೂ ಸಿಗದು ಎಂದು ಬಂದವರಿಗೆಲ್ಲ ಹೇಳಿ ಹೆದರಿಸುವುದು ನಮ್ಮವರಲ್ಲಿ ರೂಢಿಯಾಗಿಬಿಟ್ಟಿದೆ. ಅದು ಸರಿಯಲ್ಲ. ಏನನ್ನು ಕೇಳಬೇಕು, ಎಲ್ಲಿ ಕೇಳಬೇಕು, ಯಾವ ಹೊತ್ತಿನಲ್ಲಿ ಹೋಗಬೇಕು ಎಂಬುದು ತಿಳಿದಿದ್ದರೆ ಸಾಕು.

ಮೊದಲು ಕಲಿಯಬೇಕಾದ ಪದ ‘ಜೇ’. ಚೀನೀ ಮೂಲದ ಥಾಯ್ ಜನರು ಪಾಲಿಸುತ್ತ ಬಂದಿರುವ ಈ ಆಹಾರಕ್ರಮದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಮನೆಗಳಿಂದ ಬಂದವರಿಗೆ ಇದಕ್ಕಿಂತ ನಿಶ್ಚಿಂತೆಯ ಊಟ ಇಲ್ಲಿನ ಬೀದಿಯಲ್ಲಿ ಬೇರೆ ಸಿಗುವುದು ಕಷ್ಟ. ಜೇ ಅಂಗಡಿಯ ಮುಂದೆ ಹಳದಿ ಬಟ್ಟೆಯ ಅಥವಾ ಕಾಗದದ ಬಾವುಟವಿದ್ದು, ಅದರ ಮೇಲೆ ಕೆಂಪು ಬಣ್ಣದಲ್ಲಿ ನಮ್ಮ ಕಣ್ಣಿಗೆ 17 ಎಂಬ ಅಂಕಿಯಂತೆ ಕಾಣುವ ಅಕ್ಷರವಿರುತ್ತದೆ. ಇಂಥ ಅಂಗಡಿಗಳು ಬೆಳಗ್ಗೆ ತೆರೆದು, ಮಧ್ಯಾಹ್ನದ ಊಟದ ಹೊತ್ತು ಮುಗಿಯುವಷ್ಟರಲ್ಲಿ ಪಾತ್ರೆ ಖಾಲಿ ಮಾಡಿಕೊಳ್ಳುವುದೇ ಹೆಚ್ಚು, ಆದ್ದರಿಂದ ಸಂಜೆ ಹುಡುಕಿಕೊಂಡು ಹೋಗಿ ನಿರಾಶರಾಗಬೇಡಿ. ಅಲ್ಲಿನ ತಟ್ಟೆಗಳಲ್ಲಿ ಬಾತುಕೋಳಿ, ಹಂದಿಮಾಂಸದ ತುಂಡುಗಳಂತೆ ಕಾಣುವ ಪದಾರ್ಥಗಳನ್ನು ಕಂಡು ಗಾಬರಿಯಾಗುವ ಅಗತ್ಯವೂ ಇಲ್ಲ. ಅವು ಸೋಯಾ ಅಥವಾ ಗೋಧಿಯ ಸತ್ವದಿಂದ ಮಾಡಿದವು.

ಜೇ ಅಲ್ಲದ ಅಂಗಡಿಗಳಲ್ಲಿ ಎಚ್ಚರ ಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮಾಂಸದ ತುಂಡುಗಳನ್ನು ಬಿಟ್ಟು, ಮೀನಿನ ರಸವಾದ ನಾಮ್ ಪ್ಲಾವನ್ನು ಉಪ್ಪಿನ ಬದಲಿಗೆ ಎಂದಿನಂತೆ ಹಾಕಿಕೊಡುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ‘ಮೈ ಸೈ ನಾಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ ಎಂದು; ‘ಮೈ ಸೈ ಕುಂಗ್ ಹೇಂಗ್’ ಎಂದರೆ ಒಣ ಸೀಗಡಿ ಬೇಡ ಎಂದು. ಗಂಡಸರು ಮಾತಿನ ಕೊನೆಗೆ ‘ಖ್ರಪ್’ ಎಂದೂ ಹೆಂಗಸರು ‘ಖಾ’ ಎಂದೂ ಸೇರಿಸುವುದು ಇಲ್ಲಿನ ಸೌಜನ್ಯ. ಹಸಿರು ಮತ್ತು ಕೆಂಪು ಕರಿಗಳ ವಿಷಯದಲ್ಲಿ ಮಾತ್ರ ಈ ಮಾತುಗಳು ಕೆಲಸಕ್ಕೆ ಬರುವುದಿಲ್ಲ: ಅವುಗಳ ಮಸಾಲೆಯನ್ನು ಅರೆಯುವಾಗಲೇ ಕಪಿ ಎಂಬ ಸೀಗಡಿಯ ಪೇಸ್ಟು ಸಾಮಾನ್ಯವಾಗಿ ಸೇರಿಹೋಗಿರುತ್ತದೆ. ಎಳೆ ಪಪ್ಪಾಯಿಯ ಕೋಸಂಬರಿಯಂಥ ಸೋಮ್ ತಮ್‌ ಅನ್ನು ಗಿರಾಕಿ ಕೇಳಿದಂತೆ ಆಗಲೇ ಕುಟ್ಟಿ ಕೊಡುತ್ತಾರಾದರೂ, ಒರಳು ಒಂದೇ ಆಗಿರುವುದರಿಂದ ಕಟ್ಟುನಿಟ್ಟಿನವರು ಅದನ್ನೂ ಜೇ ಅಂಗಡಿಯಲ್ಲೇ ತಿನ್ನುವುದು ಒಳ್ಳೆಯದು.

ತಿಂಡಿಗಳಲ್ಲಿ ನಾನು ಮೊದಲು ತೋರಿಸುವುದು ಖನೋಮ್ ಕ್ರೋಕ್. ನಮ್ಮ ಪಡ್ಡಿನ ಕಾವಲಿಯನ್ನೇ ಹೋಲುವ ದೊಡ್ಡ ಗುಳಿಕಾವಲಿಗೆ ಅಕ್ಕಿಹಿಟ್ಟು ಮತ್ತು ತೆಂಗಿನಹಾಲಿನ ತೆಳು ಹಿಟ್ಟನ್ನು ಹುಯ್ದು, ಅಂಚು ಗಟ್ಟಿಯಾಗುತ್ತಿದ್ದಂತೆ ನಡುವೆ ಸಿಹಿಯೂ ಉಪ್ಪೂ ಬೆರೆತ ಗಟ್ಟಿ ತೆಂಗಿನಹಾಲನ್ನು ಸುರಿದು, ಮೇಲೆ ಈರುಳ್ಳಿಸೊಪ್ಪೋ ಜೋಳದ ಕಾಳೋ ಕೆಸುವಿನ ಗೆಡ್ಡೆಯ ಚೂರೋ ಉದುರಿಸಿ ಮುಚ್ಚಿಡುತ್ತಾರೆ. ತಳ ಗರಿಗರಿಯಾದ ಮೇಲೆ ಚಮಚದಿಂದ ಎಬ್ಬಿಸಿ, ಎರಡು ಅರ್ಧಗಳನ್ನು ಒಂದರ ಮೇಲೊಂದು ಜೋಡಿಸಿ ಕೊಡುತ್ತಾರೆ. ಒಳಗಿನ ಹಾಲು ಕುದಿಯುವಷ್ಟು ಬಿಸಿ ಇರುತ್ತದೆ, ಆದ್ದರಿಂದ ಸ್ವಲ್ಪ ತಡೆದು ತಿನ್ನಿ. ಆದರೆ ಪಡ್ಡಿನಲ್ಲಿರುವ ಉದ್ದಾಗಲಿ ಹುಳಿಯಾಗಲಿ ಇದರಲ್ಲಿಲ್ಲ. ಎಳ್ಳು ಮತ್ತು ತೆಂಗಿನತುರಿ ಬೆರೆತ ಹಿಟ್ಟಿನಲ್ಲಿ ಅದ್ದಿ ಕರಿಯುವ ಬಾಳೆಹಣ್ಣು, ಬಾಳೆಎಲೆಯಲ್ಲಿ ಸುತ್ತಿ ಬೇಯಿಸುವ ಅಂಟಕ್ಕಿಯ ಖಾವ್ ತೋಮ್ ಮತ್, ಬೇಸಿಗೆಯ ಮಾವು ಮತ್ತು ಅಂಟಕ್ಕಿ, ಒಣಗಿಸಿದ ಬೇಲದಂಥ ಬಿಲ್ವದ ಹಣ್ಣನ್ನು ಕುದಿಸಿ ತೆಗೆದ ಮತೂಮ್ ಪಾನಕ ಇವೆಲ್ಲವೂ ನಮಗೆ ಒಗ್ಗುವಂಥವು. ಆದರೆ ಚಿನ್ನದ ಬಣ್ಣದ ಎಳೆಗಳಂತೆ, ಹನಿಗಳಂತೆ ಕಾಣುವ ಫೋಯ್ ಥೋಂಗ್, ಥೋಂಗ್ ಯೋತ್ ಮುಂತಾದ ಸಿಹಿಗಳು ಮೊಟ್ಟೆಯ ಹಳದಿಯಿಂದ ಮಾಡಿದವು. ಅವು ಹಳೆಯ ರಾಜಧಾನಿಯಾದ ಅಯುತ್ಥಯದ ಕಾಲದಲ್ಲಿ ಪೋರ್ಚುಗೀಸರ ಸಂಪರ್ಕದಿಂದ ಇಲ್ಲಿಗೆ ಬಂದವು.

ಚೀನೀ ಚಾಂದ್ರಮಾನದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಕಿನ್ ಜೇ ಹಬ್ಬ. ಹೆಚ್ಚಿನ ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ದಿನಗಳಲ್ಲೇ ಬರುತ್ತದೆ. ಆಗ ಯಾವರಾತ್ ಎಂಬ ಚೀನೀ ಪೇಟೆಯ ಉದ್ದಕ್ಕೂ ಹಳದಿ ಬಾವುಟಗಳು ಹಾರಾಡುತ್ತವೆ, ವರ್ಷವಿಡೀ ಮಾಂಸ ಮಾರುವ ಅನೇಕ ಗಾಡಿಗಳೂ ಜೇ ಅಡುಗೆಗೆ ತಿರುಗುತ್ತವೆ. ಸೀಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಲ್ಲಿ ಅದೇ ಹೊತ್ತಿಗೆ ನವರಾತ್ರಿ ನಡೆದು, ಕೊನೆಗೆ ಹೊರಡುವ ಉತ್ಸವದಲ್ಲಿ ಥಾಯ್ ಜನರೇ ಅಪಾರ ಸಂಖ್ಯೆಯಲ್ಲಿ ಸೇರುತ್ತಾರೆ. ಇಲ್ಲಿಗೆ ಬರುವ ತಿಂಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದವರಿಗೆ ನಾನು ಈ ಹಬ್ಬದ ಮುಂಚೆ ಬನ್ನಿ ಎಂದೇ ಹೇಳುತ್ತೇನೆ.

ಇನ್ನು ಓಣಿಗಳ ವಿಷಯ. ಮುಖ್ಯರಸ್ತೆಯ ಒಂದು ಬದಿಯಲ್ಲಿ ಬೆಸ ಸಂಖ್ಯೆಯ ಸೋಯಿಗಳೂ ಇನ್ನೊಂದು ಬದಿಯಲ್ಲಿ ಸಮ ಸಂಖ್ಯೆಯವೂ ಇರುತ್ತವೆ, ಆದರೆ ಅವು ಎದುರುಬದುರಾಗಿರಬೇಕೆಂದಿಲ್ಲ: ಸುಖುಮ್‌ವಿತ್‌ನ 55ನೇ ಸೋಯಿಯಾದ ಥೋಂಗ್ ಲೋ ಎದುರಿಗೆ ಇರುವುದು 38ನೇ ಸೋಯಿ. ಅನೇಕ ಸೋಯಿಗಳು ಒಳಗೆ ಹೋಗಿ ಗೋಡೆಗೆ ಮುಗಿಯುತ್ತವೆ. ವಾಹನಗಳಿಗೆ ಇದು ತೊಂದರೆಯಾದರೂ ಒಳಗಿನ ಮನೆಗಳ ಮುಂದೆ ಇಷ್ಟು ನೆಮ್ಮದಿ ಉಳಿದಿರುವುದಕ್ಕೆ ಇದೇ ಕಾರಣ.

ಮೊದಲ ದೊಡ್ಡ ಸುತ್ತಾಟಕ್ಕೆ ಸೇನ್ ಸೇಪ್ ಕಾಲುವೆಯ ದೋಣಿಯನ್ನು ಹಿಡಿಯಿರಿ. ಮೂರನೆಯ ರಾಮನ ಆಳ್ವಿಕೆಯಲ್ಲಿ, 1837ರಿಂದ 1840ರವರೆಗೆ ತೋಡಿದ ಈ ಕಾಲುವೆಯಲ್ಲಿ ದೋಣಿಯೇ ಇಂದಿಗೂ ನಗರದ ಬಸ್ಸು. ಅದು ಕಟ್ಟೆಗೆ ತಾಗಿ ಕೆಲವೇ ಕ್ಷಣ ನಿಲ್ಲುತ್ತದೆ. ಹಗ್ಗ ಹಿಡಿದು ಚುರುಕಾಗಿ ಇಳಿಯಬೇಕು. ನೀರು ಸಿಡಿಯದಂತೆ ಪಕ್ಕದ ಪ್ಲಾಸ್ಟಿಕ್ ಪರದೆಯನ್ನು ಹಗ್ಗದಿಂದ ಎತ್ತುವ ಕೆಲಸ ಅಂಚಿನಲ್ಲಿ ಕುಳಿತ ಪ್ರಯಾಣಿಕರದ್ದೇ, ಟಿಕೆಟ್ ಕೊಡುವವರು ದೋಣಿಯ ಹೊರ ಅಂಚಿನ ಮೇಲೆ ನಡೆದುಕೊಂಡೇ ಬರುತ್ತಾರೆ. ಪ್ರತೂನಾಮ್‌ನಲ್ಲಿ ದೋಣಿ ಬದಲಿಸಬೇಕು. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಬಾನ್ ಖ್ರುವಾ ಎಂಬ ಚಾಮ್ ಮುಸ್ಲಿಮರ ಕೇರಿ ಇದೆ. ಜಿಮ್ ಥಾಂಪ್ಸನ್ ಎಂಬ ಅಮೆರಿಕನ್ ವ್ಯಾಪಾರಿ ಥಾಯ್ ರೇಷ್ಮೆಯನ್ನು ಜಗತ್ತಿಗೆ ಮಾರಿದ್ದು ಇಲ್ಲಿನ ನೇಕಾರರ ಬಲದಿಂದ. ಪ್ರವಾಸಿಗರು ಕಾಲುವೆಯ ಆಚೆ ದಡದ ಅವನ ಮನೆಯನ್ನು ನೋಡಿ ಹಿಂತಿರುಗುತ್ತಾರೆ. ನೀವು ಈಚೆ ಬಂದು, ಇಬ್ಬರು ಅಕ್ಕಪಕ್ಕ ನಡೆಯಲು ಕಷ್ಟವಾಗುವ ಓಣಿಗಳಲ್ಲಿ ನಿಧಾನವಾಗಿ ನಡೆಯಿರಿ. ಈ ದಾರಿಯ ಪಶ್ಚಿಮ ತುದಿಯ ಫಾನ್ ಫಾದಿಂದ ನಡೆದು ಹೋಗುವಷ್ಟು ದೂರದಲ್ಲೇ ನಾಂಗ್ ಲೋಯೆಂಗ್ ಮಾರುಕಟ್ಟೆ ಇದೆ. ಕರಿದ ಬಾಳೆಹಣ್ಣಿಗೂ ಹಳೆಯ ಕಾಲದ ಸಿಹಿಗಳಿಗೂ ಅದು ಹೆಸರಾದ ಜಾಗ, ಆದರೆ ಊಟದ ಹೊತ್ತು ಕಳೆದ ಮೇಲೆ ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಪಕ್ಕದಲ್ಲೇ 1918ರಲ್ಲಿ ಕಟ್ಟಿದ ಮರದ ಚಿತ್ರಮಂದಿರವಿದೆ.

ಚಾವೊ ಫ್ರಯಾ ನದಿಯಾಚೆಯ ಥೋನ್‌ಬುರಿಯಲ್ಲಿ ಕುದೀ ಚೀನ್ ಕೇರಿಯನ್ನು ಬಿಡಬೇಡಿ. 1767ರಲ್ಲಿ ಅಯುತ್ಥಯ ನಾಶವಾದ ನಂತರ ರಾಜ ತಾಕ್ಸಿನ್ ಇಲ್ಲಿ ಪೋರ್ಚುಗೀಸರಿಗೆ ಜಾಗ ಕೊಟ್ಟ; ಸಾಂತಾ ಕ್ರೂಜ್ ಚರ್ಚು, ಚೀನೀ ಗುಡಿ, ಬೌದ್ಧ ವಿಹಾರಗಳು, ಮಸೀದಿ ಎಲ್ಲವೂ ನಡೆದಾಡುವಷ್ಟು ದೂರದಲ್ಲೇ ಇವೆ. ಇಲ್ಲಿನ ಪ್ರಸಿದ್ಧ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ನದಿಯ ಈಚೆ ಬದಿಯ ಪಾಕ್ ಖ್ಲೋಂಗ್ ಹೂವಿನ ಪೇಟೆಯಲ್ಲಿ ಚೆಂಡುಹೂವು, ಮಲ್ಲಿಗೆ ಮೊಗ್ಗು ರಾಶಿರಾಶಿಯಾಗಿ ಸಿಗುವುದರಿಂದ ವರಮಹಾಲಕ್ಷ್ಮಿ, ಗಣೇಶ ಹಬ್ಬಗಳಿಗೆ ಅಲ್ಲಿಂದಲೇ ಹೂ ತಂದುಕೊಳ್ಳಬಹುದು.

ಓಣಿಗಳಲ್ಲಿ ಅಂಗಳವೆಂದು ಕಾಣುವುದು ಎಷ್ಟೋ ಸಲ ಒಂದು ಮನೆಯ ನಡುಮನೆಯೇ ಆಗಿರುತ್ತದೆ, ಆದ್ದರಿಂದ ಕೇಳದೆ ಫೋಟೋ ತೆಗೆಯಬೇಡಿ. ಬೆಳಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರಾಷ್ಟ್ರಗೀತೆ ಕೇಳಿಸಿ ಸುತ್ತಲಿನವರು ನಿಂತರೆ ನೀವೂ ನಿಲ್ಲಿ. ನಲ್ಲಿಯ ನೀರನ್ನು ಕುಡಿಯಬೇಡಿ. ನಡುವೆ ತೂತಿರುವ ಕೊಳವೆಯಾಕಾರದ ಐಸು ಕಾರ್ಖಾನೆಯಲ್ಲಿ ತಯಾರಾದದ್ದು, ಆದ್ದರಿಂದ ಅದಕ್ಕೆ ಸಾಮಾನ್ಯವಾಗಿ ಹೆದರಬೇಕಿಲ್ಲ. 20, 50, 100 ಬಾತಿನ ನೋಟುಗಳು ಜೇಬಿನಲ್ಲಿರಲಿ, ತಿಂಡಿಗೆ ಚೌಕಾಸಿ ಮಾಡಬೇಡಿ. ಬೀದಿನಾಯಿ ಕಚ್ಚಿದರೆ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ, ಗಾಯ ಸಣ್ಣದೆಂದು ತಡ ಮಾಡಬೇಡಿ.

ಈ ಎಲ್ಲಕ್ಕೂ ಮುಂಚೆ ನಿಮ್ಮದೇ ಸೋಯಿಯ ಬಾಯಿಗೆ ಬೆಳಗ್ಗೆ ಏಳರ ಹೊತ್ತಿಗೆ ಹೋಗಿ ನಿಲ್ಲಿ. ಸೋಯಾ ಹಾಲು ಮಾರುವವರು, ಹಣ್ಣು ಹೆಚ್ಚಿ ಕೊಡುವವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ಒಂದೇ ಗಾಡಿಗೆ ದಿನವೂ ಹೋಗಿ, ‘ಕಿನ್ ಜೇ’, ಅಂದರೆ ಜೇ ಊಟ ಮಾಡುತ್ತೇನೆ, ಎಂದು ಹೇಳುತ್ತಿರಿ. ಒಮ್ಮೆ ಗುರುತು ಹಿಡಿದರೆ ಅವರೇ ನಿಮಗೆ ಯಾವುದು ಆಗುತ್ತದೆ, ಯಾವುದು ಆಗದು ಎಂದು ಕೈಸನ್ನೆಯಲ್ಲಿ ತೋರಿಸಿ, ಹತ್ತಿರದ ಜೇ ಅಂಗಡಿ ಯಾವ ಸೋಯಿಯಲ್ಲಿದೆ ಎಂಬುದನ್ನೂ ಹೇಳುತ್ತಾರೆ.