ರಾತ್ರಿ ಎರಡೂವರೆಯ ಮೋಟಾರ್

2024ರ ಬೇಸಿಗೆ. ಬೆಂಗಳೂರಿನಲ್ಲಿ ಎಷ್ಟೋ ಬೋರ್‌ವೆಲ್‌ಗಳು ಬತ್ತಿಹೋಗಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದ ದಿನಗಳು. ಒಂದು ರಾತ್ರಿ ಜ್ವರ ಬಂದು ನನಗೆ ನಿದ್ದೆ ಹತ್ತಲಿಲ್ಲ. ಎರಡೂವರೆ ಹೊತ್ತಿಗೆ ಹೆಂಡತಿ ಎದ್ದಳು. ಲೈಟ್ ಹಾಕಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಆಚೆ ಹೋದಳು. ಸ್ವಲ್ಪ ಹೊತ್ತಿಗೆ ಮೋಟಾರ್ ಸದ್ದು ಕೇಳಿಸಿತು.

ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಸರಿರಾತ್ರಿಯಲ್ಲಿ ಬರುತ್ತದೆ. ನಮ್ಮದು ಚಿಕ್ಕ ಸಂಪು. ನೀರು ಬರುತ್ತಿರುವಾಗಲೇ ಮೇಲಿನ ಟ್ಯಾಂಕಿಗೆ ಹತ್ತಿಸಿದರೆ ಸಂಪು ಇನ್ನೊಂದು ಸಲ ತುಂಬುತ್ತದೆ. ಇಲ್ಲದಿದ್ದರೆ ಎರಡನೇ ದಿನ ಪರದಾಟ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರುವ ನೀರನ್ನು ಕೊನೆಯ ಮೂವತ್ತು ಅಡಿ ಹತ್ತಿಸುತ್ತಿದ್ದವಳು ಇವಳು.

ಬೆಳಿಗ್ಗೆ ಕೇಳಿದೆ. "ಮದುವೆಯಾಗಿ ಬಂದಾಗಿಂದ ನಾನೇ ಅಲ್ವಾ ಹಾಕೋದು? ನಿಮಗೆ ನಿದ್ದೆ ಕೆಟ್ಟರೆ ತಲೆನೋವು ಬರುತ್ತೆ" ಅಂದಳು. ಒಂಬತ್ತು ವರ್ಷ! ನಲ್ಲಿ ತಿರುಗಿಸಿದರೆ ನೀರು ಬರುತ್ತೆ ಅನ್ನೋದಷ್ಟೇ ನನಗೆ ಗೊತ್ತಿತ್ತು.

ಮನಸ್ಸಿಗೆ ತುಂಬಾ ಕಷ್ಟವಾಯಿತು. ಅದೇ ವಾರ ಗಾಂಧಿಬಜಾರಿಗೆ ಹೋಗಿ ಒಂದು ಸೀರೆ ತಂದೆ. "ಬಣ್ಣ ಚೆನ್ನಾಗಿದೆ" ಅಂತ ಬೀರುವಿನಲ್ಲಿ ಇಟ್ಟಳು. ಆವತ್ತು ರಾತ್ರಿಯೂ ಎದ್ದವಳು ಅವಳೇ.

ಆಮೇಲೆ ಮೋಟಾರ್ ಕೆಲಸ ನಾನು ತಗೊಂಡೆ. ಫೋನ್ ಸದ್ದು ಮಾಡದ ಹಾಗೆ ವೈಬ್ರೇಟ್‌ಗೆ ಇಟ್ಟು ದಿಂಬಿನ ಕೆಳಗೆ ಸೇರಿಸಿದೆ. ಟ್ಯಾಂಕ್ ತುಂಬೋವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಆದರೂ ಅವಳಿಗೆ ಎಚ್ಚರ ಆಗೇ ಆಗುತ್ತಿತ್ತು. ವಾಪಸ್ ಬಂದು ಮಲಗಿದರೆ "ಆಫ್ ಮಾಡಿದ್ರಾ?" ಅನ್ನೋಳು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಅಷ್ಟು ವರ್ಷದ ಅಭ್ಯಾಸ, ಮೈ ಬಿಟ್ಟುಕೊಡಬೇಕಲ್ಲ.

ನಡುವೆ ಒಂದು ತಪ್ಪೂ ಮಾಡಿದೆ. ಸಹಾಯ ಅಂದುಕೊಂಡು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ನನಗೆ ತೋಚಿದ ಹಾಗೆ ಜೋಡಿಸಿಟ್ಟೆ. ಬೆಳಿಗ್ಗೆ ಆಫೀಸಿನ ಅವಸರದಲ್ಲಿ ಅವಳಿಗೆ ಹುಳಿಪುಡಿ ಸಿಗಲಿಲ್ಲ. "ಕೇಳಿ ಮಾಡ್ರೀ" ಅಂತ ರೇಗಿದಳು. ಅವಳು ಹೇಳಿದ್ದು ನ್ಯಾಯವೇ. ಅವಳಿಗೆ ಏನು ಬೇಕು ಅಂತ ನೋಡದೆ ಮಾಡಿದ್ದೆ.

ನೋಡುತ್ತಾ ಹೋದ ಮೇಲೆ ಗೊತ್ತಾಗಿದ್ದು ಅವರೆಕಾಯಿ ವಿಷಯ. ಅವಳ ತವರು ಮಾಗಡಿ ಕಡೆ. ಹಿತ್ಕಬೇಳೆ ಸಾರು ಅಂದರೆ ಪ್ರಾಣ. ಆದರೆ ಮೆಟ್ರೋ ಇಳಿದು ಮನೆ ಸೇರುವಾಗಲೇ ಎಂಟು ಗಂಟೆ, ಕಾಳು ಹಿತುಕಲು ಹೊತ್ತೆಲ್ಲಿ? ಹಾಗಾಗಿ ಸೀಸನ್‌ಗೆ ಒಂದೇ ಸಲ ಮಾಡುತ್ತಿದ್ದಳು. ಕಳೆದ ಡಿಸೆಂಬರ್‌ನಲ್ಲಿ ಎರಡು ಕೆ.ಜಿ. ಸೊಗಡವರೆ ತಂದು ಸುಲಿದೆ. ರಾತ್ರಿ ಕಾಳು ನೆನೆಹಾಕಿದೆ. ಭಾನುವಾರ ಬೆಳಿಗ್ಗೆ ಅವಳು ಏಳುವ ಮುಂಚೆ ಹಿತುಕಲು ಕೂತೆ. ಹೆಬ್ಬೆರಳು, ತೋರುಬೆರಳ ನಡುವೆ ಕಾಳಿನ ತುದಿ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಜಾಸ್ತಿ ಒತ್ತಿದರೆ ಬೇಳೆ ಎರಡಾಗುತ್ತೆ. ಮುಕ್ಕಾಲು ಗಂಟೆ ಹಿಡಿಯಿತು.

ಎದ್ದು ಬಂದು ಪಾತ್ರೆ ನೋಡಿದಳು. ಏನೂ ಹೇಳಲಿಲ್ಲ. ಕೈ ಹಾಕಿ ಒಂದು ಹಿಡಿ ಬೇಳೆ ಎತ್ತಿ ನೋಡಿ, ಮೆಲ್ಲಗೆ ಮತ್ತೆ ಬಿಟ್ಟಳು. ಆಮೇಲೆ ಮಸಾಲೆ ಹುರಿಯಲು ಬಾಣಲೆ ಇಟ್ಟಳು.

ಸಂಕ್ರಾಂತಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ ನಿಂತವಳು ತಿರುಗಿ ಕೇಳಿದಳು: "ರೀ, ರಾತ್ರಿ ನೀರು ಬಂದಿತ್ತಾ? ನಂಗೆ ಎಚ್ಚರಾನೇ ಆಗಲಿಲ್ಲ."