ಪುಟ್ಟ ಡಿವಿಡಿ ಪ್ಲೇಯರ್ ಕೊಳ್ಳುವಾಗ ಡಿಸ್ಕಿನ ಕೊನೆ ಹಾಕಿ ನೋಡಿ

ಕಡಿಮೆ ಬೆಲೆಯ ಪುಟ್ಟ ಡಿವಿಡಿ ಪ್ಲೇಯರ್ ತಗೊಳ್ಳೋರು ಅಂಗಡಿಯ ಡೆಮೊ ಡಿಸ್ಕನ್ನೇ ನಂಬಬೇಡಿ. ಮನೆಯ ಮದುವೆ ಡಿವಿಡಿ ಒಯ್ದು, ನೇರವಾಗಿ ಅದರ ಕೊನೆಯ ಹತ್ತು ನಿಮಿಷಕ್ಕೆ ಹಾರಿಸಿ, ಆರತಕ್ಷತೆಯ ಭಾಗ ಓಡಿಸಿ ನೋಡಿ. ಡಿಸ್ಕ್ ಓದೋದು ಒಳಗಿನಿಂದ ಹೊರ ಅಂಚಿನ ಕಡೆಗೆ; ಡಿಸ್ಕ್ ಸ್ವಲ್ಪ ಬಾಗಿದ್ದರೂ ಏರಿಳಿತ ಹೆಚ್ಚೋದು ಅಂಚಿನಲ್ಲೇ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್ ಅಚ್ಚಾದ ಸಿನಿಮಾ ಡಿಸ್ಕಿನಷ್ಟು ಸಲೀಸೂ ಅಲ್ಲ. ಹಾಗಾಗಿ ಬಡಕಲು ಲೆನ್ಸ್ ತಡವರಿಸೋದು ಅಲ್ಲೇ: ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಮಾತು ತುಂಡಾಗುತ್ತೆ, ಒಳಗೆ ಟಿಕ್ ಟಿಕ್ ಸದ್ದು ಬರುತ್ತೆ. ಟಿವಿಯ ಸದ್ದು ತಗ್ಗಿಸಿ ಅದನ್ನು ಕೇಳಿಸಿಕೊಳ್ಳಿ, ದಯವಿಟ್ಟು ಅವಸರ ಮಾಡಬೇಡಿ. ಒಂದೇ ಷರತ್ತು, ಡಿಸ್ಕ್ ತುಂಬಿರಬೇಕು. ತಿರುಗಿಸಿ ಬೆಳಕಿಗೆ ಹಿಡಿದರೆ ಬರೆದ ಭಾಗದ ಬಣ್ಣ ಬೇರೆ ಕಾಣುತ್ತೆ. ಅದು ಅಂಚಿನ ತನಕ ಇಲ್ಲದಿದ್ದರೆ ಪರೀಕ್ಷೆ ದಂಡ. 8.5 ಜಿಬಿಯ ಎರಡು ಪದರದ ಸಿನಿಮಾ ಡಿಸ್ಕೂ ಬೇಡ, ಅದರ ಕೊನೆ ಸಾಮಾನ್ಯವಾಗಿ ಮತ್ತೆ ಒಳಗಡೆಗೇ ಬರುತ್ತೆ. ಗೀರು ಬಿದ್ದ ಡಿಸ್ಕ್ ಹಾಕಿದರೆ ತಪ್ಪು ಯಾರದೆಂದೇ ತಿಳಿಯಲ್ಲ. ಅಮೆರಿಕದಿಂದ ಬಂದ ಡಿಸ್ಕ್ ಇದ್ದರೆ ಅದನ್ನೂ ಒಯ್ಯಿರಿ. ಸಿನಿಮಾ ಡಿವಿಡಿಗಳಿಗೆ ಪ್ರದೇಶಕ್ಕೊಂದು ಸಂಖ್ಯೆ (ರೀಜನ್) ಇರುತ್ತೆ, ಅಲ್ಲಿಯದು ರೀಜನ್ 1, ನಮ್ಮದು 5; ಬೇರೆ ರೀಜನ್‌ನ ಡಿಸ್ಕನ್ನು ಕೆಲವು ಪ್ಲೇಯರ್ ಓಡಿಸಲ್ಲ.