ಮೈಗೆ ಹತ್ತದ ಊಟದ ಲೆಕ್ಕ

‘ಎಷ್ಟು ತಿಂದ್ರೂ ನನಗೆ ಮೈಗೆ ಹತ್ತಲ್ಲ’ ಅನ್ನುವ ಮಾತನ್ನು ಏನಿಲ್ಲವೆಂದರೂ ಹತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು ಅಂತ ನನಗೇ ಗೊತ್ತಿರಲಿಲ್ಲ. ಇಪ್ಪತ್ತೇಳನೇ ವಯಸ್ಸಿನಲ್ಲಿ ನನ್ನ ಎತ್ತರ 174 ಸೆಂಟಿಮೀಟರ್, ತೂಕ 51 ಕಿಲೊ. ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. ನನ್ನದು 16.8. ದೊಡ್ಡವರಲ್ಲಿ 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಅಂತ ಲೆಕ್ಕ. ನಾನು ಆ ಗೆರೆ ಮುಟ್ಟಬೇಕಾದರೂ 56 ಕಿಲೊ ಆಗಬೇಕಿತ್ತು.

ನರಪೇತಲ, ಕಡ್ಡಿ ಪೈಲ್ವಾನ್, ಗಾಳಿ ಬಂದ್ರೆ ಕಂಬ ಹಿಡ್ಕೋ, ಎಲ್ಲವನ್ನೂ ಕೇಳಿದ್ದೆ. ದಪ್ಪಗಿರುವವರ ಎದುರು ನಾಲಿಗೆ ಬಿಗಿಹಿಡಿಯುವ ಸಭ್ಯರೂ ಸಣಕಲರ ಮುಂದೆ ಯಾಕೋ ಸಡಿಲ ಬಿಡುತ್ತಾರೆ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ಹಾಕುತ್ತಿದ್ದೆ. ಗಟ್ಟಿ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತರೆ ಕೆಳಗಿನ ಮೂಳೆ ಒತ್ತಿ ನೋವು ಬರುತ್ತಿತ್ತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲುತ್ತಾ ಕೂರುವುದು ಅಭ್ಯಾಸವಾಗಿ ಹೋಗಿತ್ತು. ಆದರೆ ನನ್ನನ್ನು ನಿಜಕ್ಕೂ ಎಬ್ಬಿಸಿದ್ದು ಯಾರ ಮಾತೂ ಅಲ್ಲ. ತುಂಬಿದ ಗ್ಯಾಸ್ ಸಿಲಿಂಡರನ್ನು ಬಾಗಿಲಿಂದ ಒಲೆಯವರೆಗೆ ಒಯ್ಯಲಾರದೆ ಅರ್ಧದಲ್ಲಿ ಕೂತುಬಿಟ್ಟೆ. ಅಮ್ಮ ಬಂದು ಏನೂ ಹೇಳದೆ ಇನ್ನೊಂದು ಕಡೆ ಹಿಡಿದಳು.

ಮೊದಲು ಮಾಡಿದ ಕೆಲಸ ತಪ್ಪು ಕೆಲಸ. ಜಿಮ್ಮಿಗೆ ಸೇರಿದೆ. ಅಲ್ಲಿದ್ದ ಟ್ರೇನರ್ ಮೂರನೇ ದಿನವೇ ಮಾಸ್ ಗೇನರ್, ಅಂದರೆ ತೂಕ ಏರಿಸುವ ಪುಡಿಯ ಡಬ್ಬ ಕೈಗಿತ್ತ. ದಿನಕ್ಕೆ ನಾಲ್ಕು ದೊಡ್ಡ ಚಮಚ. ಎರಡು ವಾರ ಹೊಟ್ಟೆ ಉಬ್ಬರಿಸಿ, ಮಧ್ಯಾಹ್ನದ ಊಟ ಸೇರದಂತಾಯಿತು. ಪುಡಿಯಿಂದ ಬಂದದ್ದು ಊಟದಿಂದ ಹೋಯಿತು, ತೂಕ ಅಲ್ಲೇ. ಆಮೇಲೆ ಡಬ್ಬದ ಹಿಂದಿನ ಚೀಟಿ ಓದಿದರೆ ಅದರಲ್ಲಿ ಮುಕ್ಕಾಲು ಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಸಕ್ಕರೆಯ ಹಾಗೇ ಬೇಗ ಕರಗುವ ಪಿಷ್ಟ. ವಿಷವೇನಲ್ಲ, ಆದರೆ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯದು ಇದೆ. ‘ಹದಿನೈದೇ ದಿನದಲ್ಲಿ ದಪ್ಪ ಆಗಿ’ ಅನ್ನುವ ಹೆಸರಿಲ್ಲದ ಪುಡಿ, ಮಾತ್ರೆಗಳ ವಿಷಯ ಬೇರೆ. ಅಂಥವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮುಖ ಉಬ್ಬುತ್ತದೆ, ನೀರು ತುಂಬುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಅದರ ಹತ್ತಿರ ನಾನು ಸುಳಿಯಲಿಲ್ಲ ಅನ್ನುವುದೊಂದೇ ಆ ದಿನಗಳ ಜಾಣತನ.

ಡಾಕ್ಟರ ಹತ್ತಿರ ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು. ಅವರು ಕೇಳಿದ ಮೊದಲ ಪ್ರಶ್ನೆ: ‘ಮೊದಲಿಂದಲೂ ಹೀಗೇ ಇದ್ದೀರಾ, ಇತ್ತೀಚೆಗೆ ಇಳಿದಿರಾ?’ ಈ ಎರಡಕ್ಕೂ ಅಜಗಜಾಂತರ. ಆರು ತಿಂಗಳಿಂದ ವರ್ಷದೊಳಗೆ ಪ್ರಯತ್ನವೇ ಇಲ್ಲದೆ ಮೈತೂಕದ ನೂರಕ್ಕೆ ಐದರಷ್ಟು ಇಳಿದಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು, ಹಾಲು ಕುಡಿದು ಸರಿಮಾಡುವ ವಿಷಯವಲ್ಲ ಅದು. ರಕ್ತ, ಥೈರಾಯ್ಡ್, ಸಕ್ಕರೆ, ಮಲ, ಎಲ್ಲ ಪರೀಕ್ಷೆಯಾಯಿತು. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ತಿಂದದ್ದು ಉರಿದು ಹೋಗುತ್ತದೆ. ಹೊಟ್ಟೆಯಲ್ಲಿ ಹುಳ, ಹೀರಿಕೊಳ್ಳದ ಕರುಳು, ಕ್ಷಯ, ಸಕ್ಕರೆ ಕಾಯಿಲೆ, ಎಲ್ಲವೂ ಮೈ ಇಳಿಸುತ್ತವೆ. ನನಗೆ ಯಾವುದೂ ಇರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು. ಒಂದು ಕಾಯಿಲೆಯ ಹೆಸರು ಸಿಕ್ಕಿದ್ದರೆ ಅದರ ಮೇಲೆ ಹಾಕಿ ಸುಮ್ಮನಿರಬಹುದಿತ್ತು.

‘ಒಂದು ವಾರ ತಿಂದದ್ದನ್ನೆಲ್ಲ ತೂಗಿ ಬರೀರಿ’ ಅಂದರು ಡಾಕ್ಟರು. ‘ಜಾಸ್ತಿ ತಿನ್ನೋಕೆ ಹೋಗ್ಬೇಡಿ, ಎಂದಿನ ಹಾಗೇ ತಿನ್ನಿ. ಬರೀರಿ ಅಷ್ಟೆ.’

ಅಡುಗೆಮನೆಯ ಚಿಕ್ಕ ತಕ್ಕಡಿ ತಂದೆ. ತಟ್ಟೆ ಇಟ್ಟು ಸೊನ್ನೆ ಮಾಡಿ, ಅನ್ನ ಬಡಿಸಿ ಅಂಕಿ ಬರೆದು, ಮತ್ತೆ ಸೊನ್ನೆ ಮಾಡಿ ಸಾರು ಹಾಕಿ, ಹೀಗೆ. ಮನೆಯವರಿಗೆ ತಮಾಷೆ. ನನ್ನ ಊಹೆ ದಿನಕ್ಕೆ 3,000 ಕ್ಯಾಲೊರಿ. ವಾರ ಮುಗಿದ ಮೇಲೆ ಕೂಡಿ ಏಳರಿಂದ ಭಾಗಿಸಿದೆ: 1,850. ಕೂಡಿಸುವಾಗ ತಪ್ಪಿರಬೇಕು ಅಂತ ಇನ್ನೊಮ್ಮೆ ಕೂಡಿದೆ. ಅದೇ ಬಂತು.

ಪುಸ್ತಕ ತಿರುಗಿಸಿ ದಿನದಿನ ನೋಡಿದಾಗ ಗುಟ್ಟು ಹೊರಬಿತ್ತು. ಭಾನುವಾರ 2,900. ಅದು ನಾನು ‘ತುಂಬಾ ತಿಂತೀನಿ’ ಅಂತ ನಂಬಿದ್ದ ದಿನ, ಎಲ್ಲರೂ ನೋಡಿದ್ದ ದಿನ. ಸೋಮವಾರ 1,250. ಬೆಳಿಗ್ಗೆ ಹಸಿವಿಲ್ಲ ಅಂತ ಬರೀ ಕಾಫಿ, ಮಧ್ಯಾಹ್ನ ಕೆಲಸದ ಗಡಿಬಿಡಿಯಲ್ಲಿ ಅರ್ಧ ಊಟ, ರಾತ್ರಿ ಸುಸ್ತು. ಹತ್ತು ವರ್ಷ ನಾನು ನೆನಪಿಟ್ಟುಕೊಂಡದ್ದು ಭಾನುವಾರಗಳನ್ನು ಮಾತ್ರ. ಸೋಮವಾರಗಳನ್ನು ದೇಹ ನೆನಪಿಟ್ಟುಕೊಂಡಿತ್ತು.

ಹಾಗಂತ ಸಣಕಲರೆಲ್ಲ ಸುಳ್ಳುಗಾರರಲ್ಲ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವೀನ್ ಮತ್ತು ಸಂಗಡಿಗರು ಹದಿನಾರು ಜನರಿಗೆ ಎಂಟು ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ಉಣಿಸಿ ನೋಡಿದರು. ಒಬ್ಬರಿಗೆ ಬಂದ ಕೊಬ್ಬು ಅರ್ಧ ಕಿಲೊ ಕೂಡ ಇಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೊ ದಾಟಿತು. ವ್ಯತ್ಯಾಸ ಇದ್ದದ್ದು ವ್ಯಾಯಾಮದಲ್ಲಲ್ಲ. ಕೂತಲ್ಲಿ ಕಾಲು ಅಲ್ಲಾಡಿಸುವುದು, ಎದ್ದು ಓಡಾಡುವುದು, ನಿಂತು ಮಾತಾಡುವುದು, ಇಂಥ ಲೆಕ್ಕಕ್ಕೆ ಸಿಗದ ಚಲನೆಯಲ್ಲಿ. ಕೆಲವರ ಮೈ ಹೆಚ್ಚು ತಿಂದ ತಕ್ಷಣ ತಾನಾಗಿಯೇ ಹೆಚ್ಚು ಚಡಪಡಿಸಿ ಅದನ್ನು ಖರ್ಚು ಮಾಡಿಬಿಡುತ್ತದೆ. ಇದನ್ನು ಓದುವಾಗ ನನ್ನ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು.

ಡಾಕ್ಟರು ಕೊಟ್ಟ ಗುರಿ ಸಣ್ಣದು: ಈಗ ತಿನ್ನುವುದರ ಮೇಲೆ ದಿನಕ್ಕೆ 400 ಕ್ಯಾಲೊರಿ, ಆದರೆ ಒಂದು ದಿನವೂ ತಪ್ಪದೆ. ದೊಡ್ಡ ತಟ್ಟೆ ಮುಂದಿಟ್ಟುಕೊಂಡರೆ ನೋಡಿಯೇ ಹೊಟ್ಟೆ ತುಂಬುವ ಜಾತಿ ನನ್ನದು. ಹಾಗಾಗಿ ಊಟ ದೊಡ್ಡದು ಮಾಡಲಿಲ್ಲ, ಸಂದಿಗಳಲ್ಲಿ ತುರುಕಿದೆ. ಮಲಗುವ ಮುನ್ನ ಕೆನೆ ತೆಗೆಯದ ಹಾಲು ಒಂದು ದೊಡ್ಡ ಲೋಟ, 250 ಮಿಲಿ, ಸುಮಾರು 150. ಸಂಜೆ ಒಂದು ಹಿಡಿ ಶೇಂಗಾ, ತೂಗಿದರೆ 30 ಗ್ರಾಂ, ಸುಮಾರು 170. ಅನ್ನಕ್ಕೋ ಪಲ್ಯಕ್ಕೋ ಮೇಲಿಂದ ಒಂದು ದೊಡ್ಡ ಚಮಚ ಎಣ್ಣೆ, 120. ಮುಗಿಯಿತು, 440. ಕೊಬ್ಬಿನ ಒಂದು ಗ್ರಾಮಿಗೆ ಒಂಬತ್ತು ಕ್ಯಾಲೊರಿ, ಪಿಷ್ಟಕ್ಕೂ ಪ್ರೋಟೀನಿಗೂ ನಾಲ್ಕೇ. ಹಸಿವು ಕಡಿಮೆ ಇರುವವನಿಗೆ ಈ ಒಂದು ಅಂಕಿ ಗೊತ್ತಿದ್ದರೆ ಅರ್ಧ ಹೋರಾಟ ಗೆದ್ದ ಹಾಗೆ. ಕುಡಿಯುವುದು ತಿನ್ನುವುದಕ್ಕಿಂತ ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿದ ಭಾವ ಕಡಿಮೆ. ತೂಕ ಇಳಿಸುವವರಿಗೆ ಬೇಡ ಅನ್ನುವುದೇ ನಮಗೆ ಬೇಕಾದ್ದು. ಊಟಕ್ಕೆ ಮುಂಚೆ ಎರಡು ಲೋಟ ನೀರು ಕುಡಿಯುವ ಚಟ ಬಿಟ್ಟೆ. ಬೆಳಗಿನ ಕಾಫಿಯನ್ನು ತಿಂಡಿಯ ಆಚೆಗೆ ತಳ್ಳಿದೆ. ಹಸಿವು ಕೊಲ್ಲುತ್ತಿದ್ದುದು ಅದೇ.

ಕಷ್ಟವಾದದ್ದು ಹಸಿವಿಲ್ಲದಾಗ ತಿನ್ನುವುದು. ಇದನ್ನು ಹಸಿವು ಜಾಸ್ತಿ ಇರುವವರಿಗೆ ವಿವರಿಸುವುದು ಸಾಧ್ಯವೇ ಇಲ್ಲ, ಅವರು ನಗುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮೊದಲ ತುತ್ತು ಬಾಯಲ್ಲಿ ಸುತ್ತುತ್ತಿತ್ತು, ಗಂಟಲಿಗಿಳಿಯುತ್ತಿರಲಿಲ್ಲ. ಮೊದಲ ಹತ್ತು ದಿನ ಒಂದು ಬಾಳೆಹಣ್ಣು ಮಾತ್ರ. ಆಮೇಲೆ ಬಾಳೆಹಣ್ಣಿನ ಜತೆ ಒಂದು ಬೇಯಿಸಿದ ಮೊಟ್ಟೆ. ಆಮೇಲೆ ಎರಡು. ಮೂರನೇ ವಾರದ ಹೊತ್ತಿಗೆ ಎಂಟು ಗಂಟೆಗೆ ಹೊಟ್ಟೆ ತಾನಾಗಿಯೇ ಕೇಳತೊಡಗಿತು. ನನ್ನ ಮಟ್ಟಿಗೆ ಹಸಿವು ಹೊತ್ತಿಗೆ ಒಗ್ಗುವ ಪ್ರಾಣಿ.

ತೂಕದ ಯಂತ್ರ ಮಾತ್ರ ತಲೆ ಕೆಡಿಸಿತು. ಬೆಳಿಗ್ಗೆ ಶೌಚ ಮುಗಿಸಿ, ನೀರು ಕೂಡ ಕುಡಿಯದೆ ನಿಲ್ಲುತ್ತಿದ್ದೆ. 51.3. ಮರುದಿನ 51.9. ಅದರ ಮರುದಿನ 51.1, ಎದೆ ಧಸಕ್. ಉಪ್ಪು ಜಾಸ್ತಿಯಾದ ರಾತ್ರಿಯೂಟ, ಹೊಟ್ಟೆ ಖಾಲಿಯಾಗದ ಬೆಳಗು, ಒಂದು ಕಿಲೊ ಹೀಗೋ ಹಾಗೋ ಆಗಲು ಇಷ್ಟು ಸಾಕು. ಪಿಷ್ಟ ಮೈಯಲ್ಲಿ ಗ್ಲೈಕೊಜನ್ ಅನ್ನುವ ಕೂಡಿಟ್ಟ ಇಂಧನವಾಗಿ ಕೂರುವಾಗ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರನ್ನೂ ಹಿಡಿದು ಕೂರಿಸಿಕೊಳ್ಳುತ್ತದೆ. ಕೊನೆಗೆ ಏಳು ದಿನದ ಸರಾಸರಿಯನ್ನು ಮಾತ್ರ ನೋಡುವುದು ಅಂತ ತೀರ್ಮಾನಿಸಿದೆ. ವಾರಕ್ಕೆ ಕಾಲು ಕಿಲೊ ಸಾಕು, ಅರ್ಧ ಕಿಲೊ ಮೀರಿದರೆ ಬರುವುದರಲ್ಲಿ ಹೊಟ್ಟೆಯ ಪಾಲೇ ಹೆಚ್ಚು. ಸೊಂಟದ ಅಳತೆಯನ್ನೂ ಟೇಪಿನಲ್ಲಿ ತಿಂಗಳಿಗೊಮ್ಮೆ ಬರೆದೆ. ಕೈಕಾಲು ಕಡ್ಡಿಯಾಗೇ ಇದ್ದು ಹೊಟ್ಟೆ ಮಾತ್ರ ಮುಂದೆ ಬರುವುದು ನನಗೆ ಬೇಕಿರಲಿಲ್ಲ.

ಅದಕ್ಕೇ ಭಾರ ಎತ್ತುವುದು. ಹೆಚ್ಚುವರಿ ಊಟಕ್ಕೆ ‘ಇಲ್ಲಿ ಹೋಗು’ ಅಂತ ದಾರಿ ತೋರಿಸುವುದು ಅದೇ. ಬೇರೆ ಜಿಮ್ಮಿಗೆ ಹೋದೆ. ಮೊದಲ ದಿನ, ಮಲಗಿ ಎದೆಯ ಮೇಲಿಂದ ಭಾರ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಪ್ಲೇಟೇ ಇಲ್ಲದ ಖಾಲಿ ಬಾರ್, 20 ಕಿಲೊ. ಕೆಳಗಿಳಿಸಿದೆ, ಮೇಲೆತ್ತುವಾಗ ಎಡಗೈ ಹಿಂದೆ ಬಿದ್ದು ಬಾರ್ ದೋಣಿಯ ಹಾಗೆ ವಾಲಿತು. ಪಕ್ಕದವನು ಎರಡು ಬೆರಳಲ್ಲಿ ಎತ್ತಿಕೊಟ್ಟು, ‘ಲೋ ಮಗಾ, ಮೊದಲು ಡಂಬ್ಬೆಲ್ ಹಿಡಿ, ಇದು ಓಡಿಹೋಗಲ್ಲ’ ಅಂದ. ಆರು ವಾರ ಡಂಬ್ಬೆಲ್ಲೇ ಹಿಡಿದೆ. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಭಾರ ಹೊತ್ತು ಕೂತೇಳುವ ಸ್ಕ್ವಾಟ್, ಬೆಂಚ್ ಪ್ರೆಸ್, ಭಾರವನ್ನು ಮೈಯತ್ತ ಎಳೆಯುವ ರೋ, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ತಲೆಯ ಮೇಲೆ ಎತ್ತುವ ಪ್ರೆಸ್. ಒಂದೊಂದರಲ್ಲೂ ಮೂರು ಸೆಟ್, ಎಂಟರಿಂದ ಹನ್ನೆರಡು ರೆಪ್, ಅಂದರೆ ಮೂರು ಸುತ್ತು, ಸುತ್ತಿಗೆ ಅಷ್ಟು ಸಲ ಎತ್ತುವುದು. ಹನ್ನೆರಡು ಸಲೀಸಾಗಿ ಬಂದ ದಿನ ಭಾರ ಒಂದು ಮೆಟ್ಟಿಲು ಏರಿಸುವುದು, ಅಷ್ಟೇ ನಿಯಮ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಶಕ್ತಿ ತುಂಬಲು ಥಾಮಸ್ ಡಿಲಾರ್ಮ್ ಅನ್ನುವ ಸೇನಾ ವೈದ್ಯ ಬಳಸಿದ್ದು ಇದನ್ನೇ. ಜಗತ್ತು ಹೊಸ ಹೊಸ ಹೆಸರಿಟ್ಟು ಮಾರುತ್ತಿದೆ, ಒಳಗಿರುವುದು ಅದೇ.

ಪ್ರೋಟೀನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರ ಎತ್ತುವವರಿಗೆ ಮೈತೂಕದ ಕಿಲೊಗೆ 1.6 ಗ್ರಾಮಿನಷ್ಟು ಸಾಕು. ನನಗೆ 55 ಕಿಲೊ ಆಗಿದ್ದಾಗ ಸುಮಾರು 90 ಗ್ರಾಂ. ಮೊಟ್ಟೆಗೆ ಆರು, ಒಂದು ಲೋಟ ಹಾಲಿಗೆ ಎಂಟು, ಆ ಹಿಡಿ ಶೇಂಗಾಕ್ಕೆ ಏಳೆಂಟು. ಉಳಿದದ್ದು ಬೇಳೆ, ಕಾಳು, ಮೊಸರು, ಮೀನು, ಮಾಂಸ, ನಿಮಗೆ ಒಗ್ಗುವುದು. ಓಡುವುದನ್ನು ಬಿಡಬೇಕು ಅಂತ ಕೆಲವರು ಹೆದರಿಸಿದರು. ಬಿಡಲಿಲ್ಲ, ದಿನಾ ಅರ್ಧ ಗಂಟೆ ಬಿರುಸು ನಡಿಗೆಗೆ ಇಳಿಸಿದೆ. ಎರಡನೇ ಮಹಡಿಗೆ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವನಿಗೆ ಬರೀ ತೂಕ ಬಂದರೆ ಆ ಏದುಸಿರನ್ನೂ ಹೊತ್ತುಕೊಂಡು ಹತ್ತಬೇಕಲ್ಲ.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಐದನೇ ತಿಂಗಳಲ್ಲಿ ಪಕ್ಕದವನು ನೋಡುತ್ತಿದ್ದಾನೆ ಅಂತ ಡೆಡ್‌ಲಿಫ್ಟಿಗೆ ಒಮ್ಮೆಲೇ ಹತ್ತು ಕಿಲೊ ಸೇರಿಸಿದೆ. ಬೆನ್ನು ಬಿಲ್ಲಾಯಿತು, ಸೊಂಟದಲ್ಲಿ ಚಳುಕು ಹಿಡಿಯಿತು. ಮೂರು ವಾರ ಭಾರ ಮುಟ್ಟಲಿಲ್ಲ. ಶೂ ಲೇಸು ಕಟ್ಟಲು ಕುರ್ಚಿ ಬೇಕಾಯಿತು. ಆ ಮೂರು ವಾರವೂ ಹಾಲು, ಶೇಂಗಾ ಬಿಡಲಿಲ್ಲ, ಅದೊಂದೇ ಸಮಾಧಾನ. ಇನ್ನೊಂದು, 57 ಕಿಲೊಗೆ ಬಂದು ತೂಕ ನಿಂತೇಬಿಟ್ಟಿತು. ಒಂದು ತಿಂಗಳು ಸರಾಸರಿ ಅಲುಗಲಿಲ್ಲ. ಮತ್ತೆ ‘ಮೈಗೆ ಹತ್ತಲ್ಲ’ ಬಾಯಿಗೆ ಬಂತು. ಪುಸ್ತಕ ತೆಗೆದು ಮತ್ತೊಂದು ವಾರ ತೂಗಿ ಬರೆದೆ. ತಿನ್ನುತ್ತಿದ್ದುದು ಅಷ್ಟೇ ಇತ್ತು, ಬೇಡುವ ಮೈ ಮಾತ್ರ ಆರು ಕಿಲೊ ದೊಡ್ಡದಾಗಿತ್ತು. ಬೆಳಿಗ್ಗೆಯೂ ಒಂದು ಲೋಟ ಹಾಲು ಸೇರಿಸಿದೆ. ಎರಡನೇ ವಾರಕ್ಕೆ ಮುಳ್ಳು ಹೊರಟಿತು. ರಾತ್ರಿ ಒಂದರವರೆಗೆ ಫೋನ್ ನೋಡುವುದನ್ನು ನಿಲ್ಲಿಸಿ ಏಳು ಗಂಟೆ ನಿದ್ದೆ ಮಾಡತೊಡಗಿದ್ದೂ ಆಗಲೇ. ಯಾವುದರಿಂದ ಎಷ್ಟು ಬಂತು ಅಂತ ಬಿಡಿಸಿ ಹೇಳಲಾರೆ.

ಹದಿನಾಲ್ಕು ತಿಂಗಳಿಗೆ 63 ಕಿಲೊ, ಬಿಎಂಐ 20.8. ಸೊಂಟ 70ರಿಂದ 75 ಸೆಂಟಿಮೀಟರ್. ಸ್ಕ್ವಾಟ್ 70 ಕಿಲೊ, ಐದು ರೆಪ್. ಜಿಮ್ಮಿನಲ್ಲಿ ಇದು ಯಾರೂ ತಿರುಗಿ ನೋಡುವ ಅಂಕಿಯಲ್ಲ. ನೆಂಟರೊಬ್ಬರು ಈಗಲೂ ‘ಸ್ವಲ್ಪ ಸೊರಗಿದ್ದೀಯಲ್ಲೋ’ ಅಂತಲೇ ಮಾತು ಶುರುಮಾಡುತ್ತಾರೆ. ಅದು ಅವರ ನಮಸ್ಕಾರ.

ಮೊನ್ನೆ ಅಮ್ಮನ ಕಣ್ಣಿನ ತಪಾಸಣೆಗೆ ಹೋದಾಗ ಮರದ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದೆವು. ಒಳಗೆ ಕರೆದಾಗ ಎದ್ದೆ. ಅಮ್ಮ ಬಾಗಿಲು ದಾಟಿದ ಮೇಲೆ ಬೆಂಚಿನತ್ತ ತಿರುಗಿ ನೋಡಿದೆ: ಅಷ್ಟು ಹೊತ್ತಿನಲ್ಲಿ ಒಂದು ಸಲವೂ ವಾಲಿ ಕೂತಿರಲಿಲ್ಲ. ಬಲಗಾಲು ಮಾತ್ರ ಕುಣಿಯುತ್ತಲೇ ಇತ್ತು.